ದ್ಯಾಮಪ್ಪನ ಎದೆ ಮತ್ತು ಕಂದೀಲು

ಸಾಂಬ್ರಾಣಿಯ ದ್ಯಾಮಪ್ಪ ಬಾವಿಯ ಹೂಳು ತೆಗೆಯುವವನು. ಮೂವತ್ತು ವರ್ಷಗಳಲ್ಲಿ ಹಳಿಯಾಳದಿಂದ ಮುಂಡಗೋಡದವರೆಗೆ ಅವನು ಇಳಿಯದ ಬಾವಿ ಕಡಿಮೆ. ೧೯೬೩ರ ಬೇಸಿಗೆಗೆ ಅವನಿಗೆ ಅರವತ್ತು ದಾಟಿತ್ತು. ಎಷ್ಟು ದಾಟಿತ್ತೆಂದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ.

ಹಳೆಯ ಬಾವಿಯ ತಳದಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ಎಷ್ಟೋ ಸಲ ವಾಸನೆಯೂ ಇರುವುದಿಲ್ಲ. ಆದ್ದರಿಂದ ಈ ಕೆಲಸದವರು ಮೊದಲು ಉರಿಯುವ ಕಂದೀಲನ್ನು ಹಗ್ಗದಲ್ಲಿ ಇಳಿಬಿಡುತ್ತಾರೆ. ದೀಪ ಆರಿದರೆ ಯಾರೂ ಇಳಿಯುವುದಿಲ್ಲ. ದ್ಯಾಮಪ್ಪ ಮಾತ್ರ ಕಂದೀಲು ಬಳಸುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು. ಪ್ರಾಯದಲ್ಲಿ ಅವನಿಗೆ ದೀಪ ಮಂಕಾಗುವ ಮೊದಲೇ ಉಸಿರು ಏರುತ್ತಿತ್ತು. ಮೂರು ಸಲ ಹಾಗೆ ಮೇಲೆ ಬಂದು ಬದುಕಿದ್ದ. “ನನ್ನ ಎದೀನ ನನ್ನ ಕಂದೀಲ” ಎನ್ನುತ್ತಿದ್ದ. ಅವನು ತಳದಿಂದ “ಗಾಳಿ ಚಲೋ ಐತಿ, ಬರ್ರಿ” ಎಂದು ಕೂಗಿದರೆ ಉಳಿದವರು ಅದನ್ನೇ ನಂಬಿ ಇಳಿಯುತ್ತಿದ್ದರು.

ಆ ಬೇಸಿಗೆಯಲ್ಲಿ ಸಿದ್ದಕ್ಕನ ಹೊಲದ ಬಾವಿಯಲ್ಲೂ ಹಾಗೆಯೇ ಕೂಗಿದ. ಅವನ ಅಕ್ಕನ ಮಗ ಲಗಮಪ್ಪ ಬುಟ್ಟಿ ಹಿಡಿದು ಇಳಿದ. ನಾಲ್ಕು ಬುಟ್ಟಿ ರಾಡಿ ಮೇಲೆ ಬರುವಷ್ಟರಲ್ಲಿ ಲಗಮಪ್ಪ ಏದುಸಿರು ಬಿಡುತ್ತ ತಾನೇ ಹತ್ತಿ ಬಂದ.

“ಅತ್ತಿ, ಎದಿ ಒಡದ್ಹಂಗ ಆಗಾಕತ್ತೇತಿ” ಎಂದು, ಬುಟ್ಟಿ ಎಳೆಯಲು ದಂಡೆಯಲ್ಲಿ ನಿಂತಿದ್ದ ಅತ್ತೆಗೆ, ದ್ಯಾಮಪ್ಪನ ಹೆಂಡತಿ ಶಿವವ್ವನಿಗೆ, ಹೇಳಿದ.

ಕೆಳಗಿನಿಂದ ದ್ಯಾಮಪ್ಪ ನಕ್ಕ. “ಏನೋ ಅಳಿಯಾ, ಮೂವತ್ತಕ್ಕ ಮುದುಕ ಆದೇನು? ನನಗ ನೋಡು, ಏನೂ ಆಗಿಲ್ಲ!”

ಲಗಮಪ್ಪ ನಾಚಿ ಮತ್ತೆ ಹಗ್ಗಕ್ಕೆ ಕೈ ಹಾಕಿದ. ಶಿವವ್ವ ಅವನನ್ನು ತಡೆದಳು. ಗಂಡನ ಮಾತು ಕುಡಿದವರ ಮಾತಿನಂತೆ ತೊದಲಿದ್ದು ಅವಳ ಕಿವಿಗೆ ಬಿದ್ದಿತ್ತು. ಕಂದೀಲು ಹಚ್ಚಿ ಇಳಿಬಿಟ್ಟಳು. ತಳ ಮುಟ್ಟುವ ಮೊದಲೇ ಅದು ಆರಿತು.

“ಎಳೀರಿ!” ಎಂದು ಚೀರಿದಳು.

ದ್ಯಾಮಪ್ಪನ ಸೊಂಟಕ್ಕೆ ಹಗ್ಗವಿತ್ತು. ಲಗಮಪ್ಪನೂ ಸಿದ್ದಕ್ಕನ ಆಳುಗಳಿಬ್ಬರೂ ಸೇರಿ ಎಳೆದರು. ಮೇಲೆ ಬಂದವನ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಆದರೂ ಏದುಸಿರು ಇರಲಿಲ್ಲ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು, “ಯಾಕ ಎಳದ್ರಿ? ಇನ್ನ ಎರಡ ಬುಟ್ಟಿ ಇತ್ತಲ್ಲ” ಎಂದ.

ಮರುದಿನ ಹಳಿಯಾಳದ ಡಾಕ್ಟರು ಅವನ ಕುತ್ತಿಗೆಯ ಪಕ್ಕದಲ್ಲಿ ಬೆರಳಿಟ್ಟರು.

“ಇಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಗಂಟು ಐತಿ ದ್ಯಾಮಪ್ಪ. ರಕ್ತದಾಗ ಒಳ್ಳೆ ಗಾಳಿ ಕಡಿಮಿ ಆದ್ರ, ಉಸಿರು ಜೋರ್ ಮಾಡು ಅಂತ ಅದು ಮಿದುಳಿಗೆ ಹೇಳತೈತಿ. ವಯಸ್ಸಾದಂಗ ಅದರ ಕೂಗು ಸಣ್ಣದಾಗತೈತಿ. ಮಿದುಳಿಗೂ ಸಾವಕಾಶ ಕೇಳತೈತಿ. ನಿನಗ ದಮ್ಮ ಹತ್ತಲಿಲ್ಲ ಅಂದ್ರ ಗಾಳಿ ಚಲೋ ಇತ್ತು ಅಂತಲ್ಲ.”

ದ್ಯಾಮಪ್ಪ ಆ ಜಾಗವನ್ನು ತಾನೇ ಮುಟ್ಟಿ ನೋಡಿಕೊಂಡ. ಆಮೇಲೆ, “ಹಂಗಾರ ನನ್ನ ಮಾತ ಕೇಳಿ ಲಗಮ ಮತ್ತ ಇಳದಿದ್ರ?” ಎಂದ.

ವಾರದ ನಂತರ ಅದೇ ಬಾವಿಗೆ ಹೋದರು. ದ್ಯಾಮಪ್ಪ ಹಗ್ಗಕ್ಕೆ ಬೇವಿನ ಟೊಂಗೆ ಕಟ್ಟಿ, ಇಳಿಸಿ ಎತ್ತಿ, ಬಾವಿಯ ಗಾಳಿಯನ್ನು ಕಲಕಿದ. ಬಳಿಕ ಕಂದೀಲು ಬಿಟ್ಟ. ಅದು ತಳದಲ್ಲಿ ಉರಿಯುತ್ತಲೇ ಇರುವುದನ್ನು ನೋಡಿ ಲಗಮಪ್ಪನನ್ನು ಇಳಿಸಿದ. ಮೂವತ್ತು ವರ್ಷ ತಳದಿಂದ ಕೂಗಿದವನು ಈಗ ದಂಡೆಯಲ್ಲಿ ಮೊಣಕಾಲೂರಿ ಬಗ್ಗಿ ಕೂಗಿದ:

“ಅಳಿಯಾ, ದಮ್ಮ ಹತ್ತಾಕತ್ತೇತೇನು? ನಾಚಬ್ಯಾಡ, ಹೇಳು.”

“ಇಲ್ಲ ಮಾವಾ, ಚಲೋ ಐತಿ.”

ಪ್ರತಿ ಬುಟ್ಟಿ ಮೇಲೆ ಬಂದಾಗಲೂ ಅವನು ಮತ್ತೆ ಅದನ್ನೇ ಕೇಳಿದ.