ಸುಮ್ಮನೆ ತಿರುಗಲಿಕ್ಕೊಂದು ಗೇರಿನ ಸೈಕಲ್ಲು

ಬೈಲಹೊಂಗಲದಲ್ಲಿ ಸೈಕಲ್ ಹತ್ತಿದವರಿಗೆ ಏನಾದರೊಂದು ಕೆಲಸ ಇರಲೇಬೇಕು. ಹಾಲು ಹಾಕುವವನು ಹತ್ತಬಹುದು, ಶಾಲೆಗೆ ಹೋಗುವ ಹುಡುಗಿ ಹತ್ತಬಹುದು, ಗಿರಣಿಗೆ ಜೋಳದ ಚೀಲ ಒಯ್ಯುವವನು ಹತ್ತಬಹುದು. ಸಂಜೆ ಹೊತ್ತು ಸುಮ್ಮನೆ ತಿರುಗಲು ಹತ್ತುತ್ತೇನೆ ಅಂದವಳು ಮಾತ್ರ ತಲೆಕೆಟ್ಟವಳು. ಅದರಲ್ಲೂ ಆಕೆ ಮೂವತ್ತು ದಾಟಿದವಳು, ಎರಡು ಮಕ್ಕಳ ತಾಯಿ, ಹತ್ತಿ ದಲಾಲಿ ಅಂಗಡಿಯವರ ಸೊಸೆ ಆಗಿದ್ದರಂತೂ ಕೇಳುವುದೇ ಬೇಡ.

ಆ ತಲೆಕೆಟ್ಟವಳು ನಾನೇ. ತೊಂಬತ್ತರ ದಶಕದ ಕೊನೆಗೆ ನನಗೆ ಹಳೆಯ ಮಾದರಿಯ, ಮೂರು ಗೇರಿನ ಸೈಕಲ್ಲೊಂದು ಬೇಕೆಂಬ ಹುಚ್ಚು ಹಿಡಿದಿತ್ತು. ನನ್ನ ತವರು ಮುರಗೋಡ. ಅಲ್ಲಿ ನಮ್ಮ ಮನೆಗೆ ಸೂಜಿ ಚುಚ್ಚಲು ಬರುತ್ತಿದ್ದ ಕಂಪೌಂಡರರ ಹತ್ತಿರ ಅಂಥದೊಂದು ಇತ್ತು. ನೆಟ್ಟಗೆ ಕುಳಿತು ಹೊಡೆಯುವ ಕರಿ ಸೈಕಲ್ಲು. ಹ್ಯಾಂಡಲ್ಲಿನ ಬಲಕ್ಕೆ ಬೆರಳುದ್ದದ ಒಂದು ಕಡ್ಡಿ. ಅದನ್ನು ಒತ್ತಿದರೆ ಹಿಂದಿನ ಗಾಲಿಯ ನಡುವೆ ಎಲ್ಲೋ ಟಿಕ್ ಎಂದು ಸದ್ದಾಗಿ ಗೇರು ಬದಲಾಗುತ್ತಿತ್ತು. ಏರಿಗೊಂದು, ಸಪಾಟಿಗೊಂದು, ಇಳಿಜಾರಿಗೊಂದು. ಮನುಷ್ಯರಿಗೆ ಇನ್ನೆಷ್ಟು ಬೇಕು? ಅವರು ಒಳಗೆ ಚಹಾ ಕುಡಿಯುವಷ್ಟರಲ್ಲಿ ನಾನು ಲಂಗ ಎತ್ತಿ ಕಟ್ಟಿ, ಅದನ್ನು ಮಠದ ತನಕ ಹೊಡೆದುಕೊಂಡು ಹೋಗಿ ಬಂದುಬಿಡುತ್ತಿದ್ದೆ. ಮದುವೆಯಾಗಿ ಹತ್ತು ವರ್ಷವಾದರೂ ಆ ಸದ್ದು ಕಿವಿಯಿಂದ ಹೋಗಿರಲಿಲ್ಲ. ನೆರೆಮನೆಯವರಿಗೆ ಬ್ಲೌಜು ಹೊಲಿದು ಕೂಡಿಸಿಟ್ಟ ದುಡ್ಡು ನನ್ನದೇ ಇತ್ತು. ಹೊಸ ಗೇರಿನ ಸೈಕಲ್ಲಿಗೆ ಅದು ಸಾಲದು, ಹಳೆಯದಕ್ಕೆ ಸಾಕು.

ಗಂಡನಿಗೆ ಹೇಳಿದೆ. ಅವರು ಊಟದ ತಟ್ಟೆಯಿಂದ ತಲೆ ಎತ್ತಿದರು.

"ಸೈಕಲ್ಲ? ನಮ್ಮ ಮನ್ಯಾಗ? ಅಂಗಡಿ ಮುಳಗೇತಿ ಅಂತಾರ ಮಂದಿ. ಸ್ಕೂಟರ್ ಕೊಡಸ್ತೇನಿ, ಸುಮ್ಮನಿರು."

ಹತ್ತಿ ತರುವ ರೈತರು ನಮ್ಮ ಅಂಗಡಿಯ ಗಟ್ಟಿತನವನ್ನು ಸೊಸೆ ಹತ್ತುವ ಗಾಡಿ ನೋಡಿ ಅಳೆಯುತ್ತಾರೆಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಈ ನನ್ನ ಗಂಡ ಮನೆಯಿಂದ ಅಂಗಡಿಗೆ, ಕೂಗಿದರೆ ಕೇಳಿಸುವಷ್ಟು ದೂರಕ್ಕೆ, ಮೋಟರ್ ಸೈಕಲ್ ತೆಗೆಯುತ್ತಿದ್ದರು. ಅದಕ್ಕೆ ಕಿಕ್ ಹೊಡೆಯುವ ಹೊತ್ತಿನಲ್ಲಿ ನಡೆದೇ ಅಂಗಡಿ ಮುಟ್ಟಬಹುದಿತ್ತು. ಕಿಕ್ ಹೊಡೆದು ಹೊಡೆದು ಬೆವೆತು ಅಂಗಡಿಗೆ ಹೋಗಿ ಫ್ಯಾನಿನ ಕೆಳಗೆ ಕೂರುತ್ತಿದ್ದರು. ಇದಕ್ಕೆ ನಮ್ಮ ಮನೆಯಲ್ಲಿ ಮರ್ಯಾದೆ ಎಂದು ಹೆಸರು.

ಪೇಟೆಯ ಸೈಕಲ್ ಅಂಗಡಿಗಳಿಗೂ ಹೋಗಿ ನೋಡಿದೆ. ಎಲ್ಲ ಅಂಗಡಿಗಳ ಮುಂದೆಯೂ ಆಗ ಹುಡುಗರ ದಪ್ಪ ಟೈರಿನ ಸೈಕಲ್ಲುಗಳು ತೂಗುತ್ತಿದ್ದವು. ಅವುಗಳಿಗೆ ಗೇರುಗಳೇನೋ ರಾಶಿ ರಾಶಿ. ಆದರೆ ಹತ್ತಿದವನು ಕಳೆದುಹೋದ ಚಿಲ್ಲರೆ ಹುಡುಕುವವನಂತೆ ಬಗ್ಗಿಯೇ ಹೋಗಬೇಕು. ಮೂರು ಗೇರಿನದು, ನೆಟ್ಟಗೆ ಕೂರುವಂಥದ್ದು ಬೇಕು ಎಂದಾಗ ಅಂಗಡಿಯವನು ಕೇಳಿದ್ದು ಒಂದೇ ಮಾತು.

"ಅಕ್ಕಾರ, ಎಲ್ಲಿಗೆ ಹೋಗಾಕ್ರಿ?"

"ಎಲ್ಲಿಗೂ ಇಲ್ಲ. ಸುಮ್ಮನ ಹೊಡ್ಯಾಕ."

"ಎಲ್ಲಿಗೂ ಹೋಗೂದಿಲ್ಲಂದ್ರ ಗೇರ್ ಯಾಕ ಬೇಕ್ರಿ?"

ಸುತ್ತ ನಿಂತಿದ್ದ ನಾಲ್ಕು ಮಂದಿ ದೊಡ್ಡ ಚಟಾಕಿ ಕೇಳಿದವರಂತೆ ನಕ್ಕರು. ಆ ನಾಲ್ವರೂ ಮಧ್ಯಾಹ್ನದಿಂದ ಅದೇ ಕಟ್ಟೆಯ ಮೇಲೆ ಯಾವ ಕೆಲಸವೂ ಇಲ್ಲದೆ ಕೂತಿದ್ದವರು. ಕೂತು ಹೊತ್ತು ಕಳೆಯುವುದಕ್ಕೆ ಕಾರಣ ಬೇಡ, ತಿರುಗಿ ಕಳೆಯುವುದಕ್ಕೆ ಮಾತ್ರ ಬೇಕು.

ಇನ್ನು ಹಳೆಯದನ್ನೇ ಹುಡುಕಬೇಕಾಯಿತು. ನಮ್ಮ ಕಡೆ ಹಳೆಯ ಗೇರಿನ ಸೈಕಲ್ಲುಗಳು ಇಲ್ಲವೆಂದಲ್ಲ. ಇವೆ, ಒಳ್ಳೆಯ ಮನೆಗಳ ಅಟ್ಟಗಳಲ್ಲೆಲ್ಲ ಇವೆ. ನಮ್ಮ ಮಾವಂದಿರ ಕಾಲದಲ್ಲಿ ಉಳ್ಳವರ ಮನೆಯ ಅಳಿಯನಿಗೆ ಹೆಣ್ಣಿನವರು ಕೈಗಡಿಯಾರದ ಜೊತೆ ಸೈಕಲ್ಲು ಕೊಡುತ್ತಿದ್ದರು. ಜಂಬ ಹೆಚ್ಚಿದ್ದವರು ಬೆಳಗಾವಿಯಿಂದ ಗೇರಿನದೇ ತರಿಸುತ್ತಿದ್ದರು. ಚೈನ್ ಕವರಿನ ಮೇಲೆ ಹಳದಿ ಬಣ್ಣದಲ್ಲಿ ಕೊಟ್ಟವರ ಹೆಸರು, ಊರು ಬರೆಸುತ್ತಿದ್ದರು. ಅಳಿಯ ಎಲ್ಲಿ ನಿಂತರೂ ಯಾರ ಮನೆಯ ಮಾಲೆಂದು ಜನ ಓದಿಕೊಳ್ಳಬೇಕಲ್ಲ. ಹಾಗಾಗಿ ಆ ಸೈಕಲ್ಲುಗಳನ್ನು ಮಾರುವಂತಿಲ್ಲ. ಮಾರಿದರೆ ಹೆಂಡತಿಯ ತವರನ್ನೇ ಸಂತೆಗಿಟ್ಟಂತೆ.

ಕಿತ್ತೂರಿನಲ್ಲಿ ರಿಟೈರಾದ ಮಾಸ್ತರರೊಬ್ಬರ ಮನೆಯಲ್ಲಿ ಒಂದಿದೆ ಎಂದು ತಿಳಿದು ಬಸ್ಸು ಹತ್ತಿ ಹೋದೆ. ಮಾಸ್ತರರು ಕೊಡಲು ತಯಾರಿದ್ದರು. ಅವರ ಹೆಂಡತಿ ಒಳಗಿನಿಂದಲೇ ಕೂಗಿದರು: "ನಮ್ಮಪ್ಪ ಕೊಟ್ಟಿದ್ದನ್ಯಾಕ ಮಾರ್ತೀರಿ, ನಿಮ್ಮಪ್ಪ ಕಟ್ಟಿಸಿದ ಮನೀನ ಮಾರ್ರಿ." ಮಾಸ್ತರರು ನನ್ನ ಕಡೆ ನೋಡಿ ಚಹಾ ಕುಡಿಯಲು ಹೇಳಿದರು. ಸೈಕಲ್ಲಿನ ಎರಡೂ ಟೈರುಗಳನ್ನು ಇಲಿಗಳು ತಿಂದಿದ್ದವು. ಅಪ್ಪ ಕೊಟ್ಟದ್ದನ್ನು ಇಲಿಗೆ ಕೊಡಬಹುದು, ನನಗೆ ಕೊಡಬಾರದು.

ರಾಮದುರ್ಗದಲ್ಲಿ ಕಂಡದ್ದು ಇನ್ನೂ ಚಂದ. ಅಲ್ಲಿನ ಒಬ್ಬ ಹಳೆಯ ಕಾಳಿನ ವ್ಯಾಪಾರಿಯ ಮನೆಯಲ್ಲಿ ಸೈಕಲ್ಲಿಗೆ ಕಂಬಳಿ ಹೊದಿಸಿ, ಹ್ಯಾಂಡಲ್ಲಿಗೆ ವಿಭೂತಿ ಬಳಿದು ಇಟ್ಟಿದ್ದರು. ಗೇರಿನ ಕಡ್ಡಿಯನ್ನು ತಾಮ್ರದ ತಂತಿಯಿಂದ ಬಿಗಿದು ಕಟ್ಟಿದ್ದರು. ಕೆಟ್ಟಿದೆಯೇ ಎಂದು ಕೇಳಿದೆ.

"ಕೆಟ್ಟಿಲ್ರಿ," ಎಂದರು ಆ ಯಜಮಾನರು ಹೆಮ್ಮೆಯಿಂದ. "ತಂದ ದಿನಾನ ಕಟ್ಟಿಸೇವ್ರಿ. ಬದಲಿ ಮಾಡಿದ್ರ ಸವೀತಾವಲ್ರಿ ಗೇರು. ಹೊಸಾವು ಹಂಗಾ ಅದಾವ ನೋಡ್ರಿ ಇನ್ನೂ."

ನಾನು ಒಬ್ಬ ಮೂರ್ಖನನ್ನು ಕಂಡೆನೆಂದು ತಿಳಿದೆ. ತಪ್ಪು. ಆಮೇಲೆ ಕೇಳುತ್ತ ಹೋದರೆ ಆ ಕಾಲದ ದೊಡ್ಡಮನೆಯವರೆಲ್ಲ ಹಾಗೇ ಮಾಡಿದ್ದರು. ಏರಿನಲ್ಲಿ ಏದುಸಿರು ಬಿಡುತ್ತ ಜೀವಮಾನವಿಡೀ ಒಂದೇ ಗೇರಿನಲ್ಲಿ ತುಳಿದು, ಉಳಿದೆರಡನ್ನು ಹೊಸದಾಗಿಯೇ ಉಳಿಸಿ ಸತ್ತವರು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ಇವರಿಗೆ ಎರಡೂ ಇದ್ದವು, ಹಲ್ಲು ಸವೆದೀತೆಂದು ಬಾಯಿ ಕಟ್ಟಿಕೊಂಡಿದ್ದರು. ಸವದತ್ತಿಯಲ್ಲಿ ಒಬ್ಬ ಮಾತ್ರ ಮಾರುತ್ತೇನೆಂದ. ಅವನು ಹೇಳಿದ ರೇಟಿಗೆ ಮೊಪೆಡ್ಡೇ ಬರುತ್ತಿತ್ತು.

ಹೀಗೆ ಎರಡು ವರ್ಷ ಅಲೆದೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಂದು ಹೋಗುವ ನೆಂಟರ ಮುಂದೆ ಗಂಡ ಇದನ್ನೇ ಹೇಳಿ ನಗಿಸುತ್ತಿದ್ದರು. ಮಾವನವರು ಮಾತ್ರ ಆ ಮಾತು ಬಂದಾಗ ಎದ್ದು ಹೊರಗೆ ಹೋಗುತ್ತಿದ್ದರು. ಸೊಸೆಯ ಹುಚ್ಚು ಕೇಳಿ ಬೇಸರವೆಂದುಕೊಂಡಿದ್ದೆ.

ಆ ವರ್ಷ ಮಹಾನವಮಿಯಲ್ಲಿ ಆಯುಧಗಳಿಗೆ ಮಾಡುವ ಖಂಡೆಪೂಜೆಗೆಂದು ನಮ್ಮ ಗೋದಾಮು ಗುಡಿಸುವಾಗ, ಹರಿದ ಚೀಲಗಳ ರಾಶಿಯ ಹಿಂದೆ ನನ್ನ ಕೈಗೆ ಒಂದು ಹ್ಯಾಂಡಲ್ ತಾಕಿತು. ಚೀಲ ಎಳೆದೆಳೆದು ಹಾಕಿದೆ. ಕರಿ ಸೈಕಲ್ಲು. ಬಲಕ್ಕೆ ಗೇರಿನ ಕಡ್ಡಿ, ಕಡ್ಡಿಗೆ ಬಿಗಿದ ತಂತಿ. ಚೈನ್ ಕವರಿನ ಧೂಳು ಒರೆಸಿದರೆ ನಾನು ಎಂದೂ ಕೇಳಿರದ ಒಬ್ಬರ ಹೆಸರು, ಅದರ ಕೆಳಗೆ 'ಮನೋಳಿ'. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆ. ಬೆಣ್ಣೆ ಇದೆಯೆಂದು ಈ ಮನೆಯ ಒಂದು ಬಾಯಿಯೂ ಹೇಳಿರಲಿಲ್ಲ. ಸಿಟ್ಟು ನೆತ್ತಿಗೇರಿತು.

ಅತ್ತೆಯ ತವರು ಮನೋಳಿಯಲ್ಲ, ಯರಗಟ್ಟಿ. ಅಡಿಗೆಮನೆಗೆ ಹೋಗಿ ಕೇಳಿದೆ. ಅತ್ತೆ ಹೋಳಿಗೆ ಲಟ್ಟಿಸುವುದನ್ನು ನಿಲ್ಲಿಸಲಿಲ್ಲ.

"ನಿಮ್ಮ ಮಾವನ ಮೊದಲನೇ ಹೇಣ್ತಿ ಮನೀದು. ಮೂರು ವರ್ಷಾತು, ಮಕ್ಕಳಾಗಲಿಲ್ಲ ಅಂತ ಆಕಿನ್ನ ತವರಿಗೆ ಕಳಿಸಿದ್ರು. ಆಮ್ಯಾಲ ನಾ ಬಂದೆ."

"ಆಕಿನ್ನ ಕಳಿಸಿದ್ರಿ, ಸೈಕಲ್ಲ ಕಳಸಲಿಲ್ಲೇನ್ರಿ?"

"ನಾ ಎಲ್ಲಿ ಕಳಿಸಿದೆ? ಹೊಸದಾಗಿ ಬಂದಾಕಿ ನಾ. ಅದನ್ನ ಕಂಡಾಗೊಮ್ಮೆ ಆಕಿ ಮನ್ಯಾಗ ಹೊಕ್ಕು ಕುಂತೇನೇನೋ ಅನಸ್ತಿತ್ತು. ಕೊಟ್ಟ ಬಿಡ್ರಿ ಅಂದ್ರ, ಕೊಟ್ರ ನಮ್ಮದ ತಪ್ಪು ಅಂದಂಗಾಗ್ತದ ಅಂದ್ರು ನಿಮ್ಮ ಮಾವ. ಮಾರ್ರಿ ಅಂದ್ರ, ಬಿಟ್ಟಾಕಿ ಮಾಲು ತಿಂದ್ರು ಅಂತಾರಂದ್ರು."

ನಲವತ್ತು ವರ್ಷದ ನ್ಯಾಯ ಇದು. ಮಾರಿದರೆ ತಿಂದಂತೆ, ಚೀಲದ ಕೆಳಗೆ ಮುಚ್ಚಿಟ್ಟುಕೊಂಡರೆ ತಿಂದಂತಲ್ಲ. ಊರಿನ ಎಷ್ಟೋ ಜಗಳಗಳಿಗೆ ನನ್ನ ಮಾವ ಕಟ್ಟೆಯ ಮೇಲೆ ಕೂತು ತೀರ್ಪು ಹೇಳುತ್ತಿದ್ದರು, ಜನ ಕೈಮುಗಿದು ಕೇಳುತ್ತಿದ್ದರು.

ಸೈಕಲ್ಲನ್ನು ರಿಪೇರಿಗೆ ಕೊಟ್ಟೆ. ಮಾವ ಬೇಡ ಅನ್ನಲಿಲ್ಲ. ಬೇಡ ಅನ್ನಬೇಕಾದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಟೈರು, ಟೂಬು ಹೊಸದಾದವು, ತಂತಿ ಕತ್ತರಿಸಿದ್ದಾಯಿತು, ಎಣ್ಣೆ ಕುಡಿದು ಗೇರು ಬಿಚ್ಚಿಕೊಂಡಿತು. ಬೆಳಗಿನ ಹೊತ್ತು ಊರು ದಾಟಿದ ಮೇಲೆ ಹೊಲದ ಹೆಂಗಸರಂತೆ ಸೀರೆಯನ್ನು ಕಚ್ಚೆ ಹಾಕಿಕೊಂಡು ಮುರಗೋಡದ ರಸ್ತೆಯಲ್ಲಿ ಹೊಡೆದೆ. ಏರು ಬಂತು, ಟಿಕ್. ಏರೇ ಅಲ್ಲವೆಂಬಂತೆ ಹತ್ತಿಬಿಟ್ಟಿತು. ಅಷ್ಟು ಖುಷಿ ನನಗೆ ಆ ಮನೆಗೆ ಬಂದ ಮೇಲೆ ಆಗಿರಲಿಲ್ಲ, ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಆದರೆ ಎಲ್ಲಿ ಇಳಿದರೂ ಯಾರಾದರೊಬ್ಬರು ಬಗ್ಗಿ ಚೈನ್ ಕವರು ಓದುತ್ತಿದ್ದರು. "ಮನೋಳಿಯವ್ರೇನ್ರಿ ನೀವು?" ಎನ್ನುತ್ತಿದ್ದರು. ಇನ್ನೊಬ್ಬ ಹೆಂಗಸಿನ ಮದುವೆಯ ಸೈಕಲ್ಲು. ಕೊಡದೆ, ಕೇಳದೆ ಇಟ್ಟುಕೊಂಡವರ ಸಾಲಿಗೆ ನಾನೂ ಸೇರುವುದೇ? ಬಣ್ಣ ಬಳಿಸಿ ಹೆಸರು ಅಳಿಸು ಎಂದು ಗಂಡ ಹೇಳಿದರು. ಅವರಿಗೆ ತಿಳಿಯುವುದು ಅಷ್ಟೇ. ಆ ಹೆಂಗಸು ಇನ್ನೂ ಇದ್ದಾರೆ, ಮನೋಳಿಯಲ್ಲಿ ತಮ್ಮನ ಮನೆಯಲ್ಲಿದ್ದಾರೆ ಎಂದು ಅತ್ತೆಯೇ ತಿಳಿಸಿದರು. ಹೋಗಿ ಅವರ ಕೈಗೆ ದುಡ್ಡು ಕೊಟ್ಟು, ಸರಿಯಾಗಿ ಕೊಂಡುಕೊಂಡು ಬರುವುದೆಂದು ನಿಶ್ಚಯಿಸಿದೆ. ಅರವತ್ತರ ಹತ್ತಿರದ ಮುದುಕಿಗೆ ಸೈಕಲ್ಲು ಯಾತಕ್ಕೆ? ಕೊಟ್ಟೇ ಕೊಡುತ್ತಾರೆಂಬ ಧೈರ್ಯ ನನಗಿತ್ತು.

ಸೈಕಲ್ಲನ್ನು ಬಸ್ಸಿನ ಟಾಪಿಗೆ ಏರಿಸಿದೆ. ಕಂಡಕ್ಟರ್ "ಯಾರದ್ರಿ ಇದು?" ಎಂದ. ಅವನೊಬ್ಬ ಕೇಳುವುದು ಬಾಕಿಯಿತ್ತು.

ಮನೋಳಿಯಲ್ಲಿ ಅವರು ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ತೆಳ್ಳಗಿನ, ನೆಟ್ಟಗಿನ ಹೆಂಗಸು. ಏನೆಂದು ಕರೆಯಬೇಕೆಂದು ತಿಳಿಯದೆ "ಅತ್ತಿ" ಎಂದೆ. ಬೈಲಹೊಂಗಲದ ಇಂಥವರ ಸೊಸೆ ಎಂದೆ. ಅವರು ನನ್ನ ಮುಖ ನೋಡಲಿಲ್ಲ. ಎದ್ದು ಬಂದು ಕ್ಯಾರಿಯರ್ ಹಿಡಿದು ಹಿಂದಿನ ಗಾಲಿ ಎತ್ತಿದರು, ಪೆಡಲು ತಿರುವಿದರು, ಕಡ್ಡಿ ಒತ್ತಿದರು. ಟಿಕ್. ಮತ್ತೊಮ್ಮೆ ಒತ್ತಿದರು.

"ತಂತಿ ಬಿಚ್ಚಿದವರ್ಯಾರು?"

"ನಾನ ಬಿಚ್ಚಿಸೇನ್ರಿ."

"ಲಗ್ನಕ್ಕ ಒಂದ ತಿಂಗಳ ಮೊದಲ ತಂದಿದ್ದಾ ನಮ್ಮಪ್ಪ," ಎಂದರು. "ದಿನಾ ಮುಂಜಾನೆ ಹೊಳಿ ದಂಡಿ ಮ್ಯಾಲ ನಾನ ಹೊಡೀತಿದ್ದೆ. ಅಳಿಯನ ಸೈಕಲ್ಲ ಮುಟ್ಟಬ್ಯಾಡ ಅಂತ ನಮ್ಮವ್ವ ಬೈತಿದ್ಲು. ಅಲ್ಲಿಗೆ ಹೋದಮ್ಯಾಲ ಒಂದ ದಿನಾನೂ ಹತ್ತಾಕ ಕೊಡಲಿಲ್ಲ ಅವ್ರು. ತಾವಾದ್ರೂ ನೆಟ್ಟಗ ಹೊಡದ್ರೇನು?"

ಹೇಳುತ್ತಲೇ ಸೀರೆಯನ್ನು ಕಚ್ಚೆ ಕಟ್ಟಿದರು. ನಾನು ಬೇಡವೆನ್ನುವಷ್ಟರಲ್ಲಿ ಹತ್ತಿಯೇಬಿಟ್ಟರು. ಮೊದಲು ಸ್ವಲ್ಪ ಅಲ್ಲಾಡಿದರು, ಆಮೇಲೆ ಓಣಿಯ ತಿರುವಿನಲ್ಲಿ ಕಾಣದಾದರು. ತಮ್ಮನ ಹೆಂಡತಿ ಬಾಗಿಲಿಗೆ ಬಂದು ಬಾಯಿಯ ಮೇಲೆ ಕೈ ಇಟ್ಟು ನಿಂತಳು. ಬಹಳ ಹೊತ್ತಿನ ಮೇಲೆ ಅವರು ಹೊಳೆಯ ಕಡೆಯಿಂದ ಬಂದರು. ಬೆವರು ಇಳಿಯುತ್ತಿತ್ತು, ನಗುತ್ತಿದ್ದರು.

ನಾನು ದುಡ್ಡಿನ ಚೀಲ ತೆಗೆದೆ. "ಅತ್ತಿ, ಇದನ್ನ ನನಗ ಕೊಡ್ರಿ. ನಿಮ್ಮನ್ನ ಕೇಳಿನ ಒಯ್ಯಬೇಕಂತ ಬಂದೇನಿ."

"ನಿನಗ ಯಾತಕ್ಕ ಬೇಕವ್ವಾ?"

"ಕೆಲಸಕ್ಕಲ್ರಿ. ಸುಮ್ಮನ ತಿರಗಾಕ."

"ಹೌದಾ?" ಎಂದರು. ಸೆರಗಿನಿಂದ ಸೀಟು ಒರೆಸಿದರು. "ನನಗೂ ಅದಕ್ಕ ಬೇಕು."

ಆ ಎರಡು ವರ್ಷದಲ್ಲಿ ಯಾವ ಗಂಡಸಿಗೂ, ಯಾವ ಅಂಗಡಿಯವನಿಗೂ ತಿಳಿಯದ ಮಾತನ್ನು ತಿಳಿದುಕೊಂಡ ಒಬ್ಬರು ಸಿಕ್ಕಿದ್ದರು, ಅವರೇ ನನ್ನ ಸೈಕಲ್ಲು ಇಟ್ಟುಕೊಂಡರು. ಹೊಟ್ಟೆ ಉರಿಯಿತು. ಅವರು ಕೊಟ್ಟ ಹಸಿ ಶೇಂಗಾ ಮಡಿಲಲ್ಲಿ ಕಟ್ಟಿಕೊಂಡು, ಟಾಪಿನ ಮೇಲೆ ಏನೂ ಇಲ್ಲದ ಬಸ್ಸಿನಲ್ಲಿ ದಾರಿಯ ನಡುವಿನ ಯರಗಟ್ಟಿಯ ತನಕ ಮುಖ ಗಂಟುಹಾಕಿಕೊಂಡೇ ಕೂತಿದ್ದೆ.

ಆ ದಿನ ರಾತ್ರಿ ಗಂಡ, ಮಾವ ಊಟಕ್ಕೆ ಕೂತಿದ್ದರು. ಅತ್ತೆ ರೊಟ್ಟಿ ಬುಟ್ಟಿ ಹಿಡಿದು ನಿಂತಿದ್ದರು. ಮಾವ, ಎರಡು ವರ್ಷದಲ್ಲಿ ಮೊದಲ ಸಲ, ತಾವಾಗಿ ಆ ಮಾತು ತೆಗೆದರು.

"ಸೈಕಲ್ಲ ಕಾಣವಲ್ದಲ್ಲ?"

"ತವರಿಗೆ ಹೋಗೇತ್ರಿ, ಮಾವಾರ."

ಮಾವನ ಕೈ ರೊಟ್ಟಿಯ ಮೇಲೆಯೇ ನಿಂತಿತು. ಹತ್ತಿಯ ರೇಟು ಬಿಟ್ಟು ಬೇರೇನೂ ತಿಳಿಯದ ನನ್ನ ಗಂಡ, ತುತ್ತು ಅಗಿಯುತ್ತಲೇ ಕೇಳಿದರು: "ಹಂಗಾರ ಮತ್ತ ಯಾವಾಗ ಬರತೈತಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮಾವನ ಕಡೆ ನೋಡಿ ಹೇಳಿದರು.

"ಬರೂದಿಲ್ಲ. ಅದನ್ನಾದ್ರೂ ಕಳಿಸಿದ್ಲಲ್ಲ ನನ್ನ ಸೊಸಿ. ಸುಮ್ಮನ ಉಣ್ರಿ."