ವರ್ಡೆಲ್ ಇಳಿಸಿದ ಕಲ್ಲಿನ ಸಿಪಾಯಿ

ನಮ್ಮ ಟ್ಯಾಲೊ ಫೆರಿಯ ಕೋರ್ಟಿನ ಮುಂದಿದ್ದ ಕಲ್ಲಿನ ಸಿಪಾಯಿಯನ್ನು ಇಳಿಸಿದವಳು ಮಿಸ್ ವರ್ಡೆಲ್ ಎಂದು ಊರು ಇವತ್ತಿಗೂ ಹೇಳುತ್ತದೆ. ಬಿಳಿಯರು ಹಲ್ಲು ಕಡಿದು ಹೇಳುತ್ತಾರೆ, ನಾವು ಕರಿಯರು ಎದೆಯುಬ್ಬಿಸಿ ಹೇಳುತ್ತೇವೆ. ಆ ಮಾತು ಬಂದಾಗಲೆಲ್ಲ ಅವಳು ಮಾತ್ರ ಎದ್ದು ಹೋಗುತ್ತಾಳೆ.

ಶಾಲೆಯ ಅಡುಗೆಮನೆಯಲ್ಲಿ ಬದುಕು ಸವೆಸಿದವಳು. ಊರಿನ ಅರ್ಧ ಜನ ಅವಳ ಮೆಕ್ಕೆಜೋಳದ ರೊಟ್ಟಿ ತಿಂದು ಬೆಳೆದವರು. ಮದುವೆಯಾಗಲಿಲ್ಲ, ತಾಯಿ ಆರ್ಲೀನಳೇ ಅವಳ ಸಂಸಾರ. ಗುಲಾಮಗಿರಿಯನ್ನು ಉಳಿಸಲು ಹೋರಾಡಿ ಸೋತ ದಂಡಿನ ಆ ಸಿಪಾಯಿಯ ಪೀಠಕ್ಕೆ ಕಟ್ಟಿಯೇ ಆರ್ಲೀನಳ ಅಪ್ಪನನ್ನು ಹೊಡೆದಿದ್ದರು. ಆಕೆ ಸಾಯುವವರೆಗೂ ಆ ಚೌಕ ದಾಟಲಿಲ್ಲ. ಸುಡುಬಿಸಿಲಲ್ಲೂ ಜೈಲಿನ ಹಿಂದಿನಿಂದ ಸುತ್ತಿಕೊಂಡು ಅಂಗಡಿಗೆ ಹೋಗುತ್ತಿದ್ದಳು.

ಸಿಪಾಯಿ ಇರಬೇಕೋ ಬೇಡವೋ ಎಂದು ಕೌಂಟಿಯ ಆಡಳಿತ ಮಂಡಳಿ ಸಭೆ ಕರೆದಾಗ ವರ್ಡೆಲ್ ಮೊದಲ ಸಾಲಿನಲ್ಲಿ ಕೂತಿದ್ದಳು. ಸೈನಿಕರ ವಂಶಸ್ಥರ ಸಂಘದ ಲಯಲ್ ಹ್ಯಾಚೆಟ್ ಎದ್ದು, "ಸತ್ತೋರು ನಮ್ಮ ಮನೆ ಹುಡುಗ್ರು ಕಣಮ್ಮಾ. ಅವರ ನೆನಪು ಅಳಿಸ್ಬೇಕಾ?" ಎಂದ.

"ಲಯಲ್, ಬಟಾಣಿ ತಿನ್ನದೆ ತಟ್ಟೆ ಅಡಿ ಬಚ್ಚಿಡ್ತಿದ್ದೋನು ನೀನು. ಆ ಬುದ್ಧಿ ಇನ್ನೂ ಬಿಟ್ಟಿಲ್ಲ ನೋಡು" ಎಂದಳು ವರ್ಡೆಲ್. ಸಭೆ ನಕ್ಕಿತು. "ಸತ್ತೋರ ಜಾಗ ಸ್ಮಶಾನ ಕಣಪ್ಪಾ. ಅಲ್ಲಿ ನಿಲ್ಲಿಸ್ಕೊಂಡು ಎಷ್ಟು ಬೇಕೋ ಅಷ್ಟು ಅಳ್ರಿ. ನ್ಯಾಯ ಕೇಳೋಕೆ ಬರೋರ ಕಣ್ಣೆದುರಿಗೆ ಬೇಡ."

ಎರಡೂ ಕಡೆಯವರು ಚಪ್ಪಾಳೆ ತಟ್ಟಿದರು. ಅವಳ ಮಾತನ್ನೇ ಮಂಡಳಿ ಠರಾವು ಮಾಡಿತು.

ದಿನ್ನೆಯ ಮೇಲಿನ ಹಳೆಯ ಸ್ಮಶಾನದಲ್ಲಿ ಮುಂದಿನ ಭಾಗ ಬಿಳಿಯರದು, ಅಮೃತಶಿಲೆಯದು. ಹಿಂದಿನ ಇಳಿಜಾರು ನಮ್ಮದು. ಅಲ್ಲಿ ಕಲ್ಲಿಲ್ಲ, ಹೆಸರಿಲ್ಲ. ಸತ್ತವರು ಕೊನೆಗೆ ಮುಟ್ಟಿದ ಬಟ್ಟಲನ್ನೋ ಲೋಟವನ್ನೋ ಒಡೆದು ಮಣ್ಣಿನ ಮೇಲಿಡುವುದು ನಮ್ಮ ಹಿರಿಯರ ಪದ್ಧತಿ. ಒಡೆಯದೆ ಇಟ್ಟರೆ ಸಾವು ಮನೆಯ ಉಳಿದವರನ್ನೂ ಕರೆಯುತ್ತದಂತೆ. ಸುತ್ತ ಕಪ್ಪೆಚಿಪ್ಪು ಜೋಡಿಸುತ್ತೇವೆ. ಆರ್ಲೀನಳ ಮಣ್ಣಿನ ಮೇಲಿದ್ದುದು ನೀಲಿ ಅಂಚಿನ ಒಂದು ಒಡೆದ ಕಾಫಿ ಬಟ್ಟಲು.

ಸಿಪಾಯಿಯನ್ನು ಸಾಗಿಸಿದ ವಾರ ವರ್ಡೆಲ್ ಜ್ವರದಲ್ಲಿದ್ದಳು. ಚೇತರಿಸಿಕೊಂಡ ಮೇಲೆ ನನ್ನ ಕಾರಿನಲ್ಲಿ ದಿನ್ನೆಗೆ ಬಂದಳು. ಇಳಿಜಾರಿನ ಒಂದು ಭಾಗವನ್ನು ಮಟ್ಟಮಾಡಿ ಸಿಮೆಂಟು ಸುರಿದಿದ್ದರು. ಅದರ ಮೇಲೆ ಅವನು, ಕೋವಿ ಹಿಡಿದು. ಚಿಪ್ಪಿಲ್ಲ, ಬಟ್ಟಲಿಲ್ಲ. ದಿನ್ನೆಯ ದೇವದಾರು ಮರದಿಂದ ತಾಯಿಯ ಜಾಗಕ್ಕೆ ನಡೆದು ರೂಢಿಯಿದ್ದ ಅವಳ ಕಾಲು ನೇರ ಹೋಗಿ ಪೀಠಕ್ಕೆ ತಾಗಿ ನಿಂತಿತು.

ಅಲ್ಲಿಂದ ನೇರ ಮಂಡಳಿಯ ಕಚೇರಿಗೆ ಹೋದೆವು, ಹ್ಯಾಚೆಟ್ ಕೂಡ ಅಲ್ಲಿದ್ದ. "ಅಲ್ಲಿ ಗೋರಿ ಎಲ್ಲಿತ್ತು ವರ್ಡೆಲ್?" ಎಂದ. ಅವನ ಮುಖದಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ತಿಳಿದಿರಲಿಲ್ಲ. "ಯಾರೋ ಕಸ ತಂದು ಸುರಿದಿದ್ರು. ಒಡಕು ಪಿಂಗಾಣಿ, ಚಿಪ್ಪು. ಹುಡುಗ್ರು ಚೊಕ್ಕ ಮಾಡಿದ್ರು."

ಮಂಡಳಿಯ ಅಧ್ಯಕ್ಷ ತಲೆ ಕೆರೆದುಕೊಂಡ. "ಒಂದ್ಸಲ ಎತ್ತೋಕೇ ಕಾನೂನು ಪೀಡಿಸ್ತು. ಇನ್ನೊಂದ್ಸಲ ಆಗಲ್ಲಮ್ಮಾ. ಸ್ಮಶಾನ ಅಂದೋರು ನೀವೇ ಅಲ್ವಾ?"

ಅವಳು ತಿರುಗಿ ಹೊರಟಳು. ಕಾರಿನಲ್ಲಿ ಕೂತ ಮೇಲೆ, "ಅವನ ಮುಂದೆ ಹಾಯಬಾರದು ಅಂತ ಜೀವಮಾನವೆಲ್ಲ ಸುತ್ತಿಕೊಂಡು ಹೋದೋಳ ಎದೆ ಮೇಲೆ ತಂದು ನಿಲ್ಲಿಸ್ದೆ ಕಣೇ" ಎಂದಳು.

ಆಮೇಲೆ ಯಾರೋ ಸಿಪಾಯಿಗೆ ಕೆಂಪು ಬಣ್ಣ ಎರಚಿದರು. ಸಂಘದವರು ಸುತ್ತ ಕಬ್ಬಿಣದ ಬೇಲಿ ಹಾಕಿ ಬೀಗ ಜಡಿದರು. ಕೀಲಿ ಹ್ಯಾಚೆಟ್ ಬಳಿ. ಸಿಪಾಯಿಗೆ ಗೌರವ ಸಲ್ಲಿಸಲು ಬಂದವರಿಗೆ ಮಾತ್ರ ಬಾಗಿಲು ತೆರೆಯುವುದೆಂದು ಹಲಗೆ ಬರೆಸಿದರು.

ಮೇ ತಿಂಗಳ ತಾಯಂದಿರ ಭಾನುವಾರ ಬಂತು. ತಾಯಿ ಬದುಕಿರುವವರು ಕೆಂಪು ಹೂವು, ಇಲ್ಲದವರು ಬಿಳಿ ಹೂವು ಎದೆಗೆ ಸಿಕ್ಕಿಸಿಕೊಂಡು ಇಗರ್ಜಿಗೆ ಬರುವ ದಿನ. ಪ್ರಾರ್ಥನೆ ಮುಗಿದ ಮೇಲೆ ವರ್ಡೆಲ್ ನನ್ನನ್ನು ಹ್ಯಾಚೆಟ್ ಮನೆಗೆ ಕರೆದೊಯ್ಯಲು ಹೇಳಿದಳು. ಎದೆಯ ಮೇಲೆ ಬಿಳಿ ಗುಲಾಬಿ, ಕೈಯಲ್ಲಿ ಅದೇ ಹೂವಿನ ಒಂದು ಗೊಂಚಲು.

ಹ್ಯಾಚೆಟ್ ಬಾಗಿಲಿಗೆ ಬಂದು ಹೂವು ನೋಡಿದ. ಮುಖ ಅರಳಿತು.

"ನಮ್ಮ ಹುಡುಗನಿಗಾ, ವರ್ಡೆಲ್?"

ಇವಳು ಈಗ ಉಗಿಯುತ್ತಾಳೆ ಎಂದುಕೊಂಡೆ.

"ಹೌದು ಸರ್" ಎಂದಳು ವರ್ಡೆಲ್. "ಅವನಿಗೇ."

ಹ್ಯಾಚೆಟ್ ತಾನೇ ದಿನ್ನೆಗೆ ಬಂದು ಬೇಲಿಯ ಬೀಗ ತೆಗೆದ. ಟೋಪಿ ಕಳಚಿ ಪಕ್ಕದಲ್ಲಿ ನಿಂತ. ಅವನ ಕಣ್ಣೆದುರಿಗೇ ಅವಳು ಮೊಣಕಾಲೂರಿ, ಸಿಪಾಯಿಯ ಬೂಟಿನ ಕೆಳಗೆ ಹೂವಿಟ್ಟಳು.