ಜೋರಾಗಿ ತುಳಿದರೆ ಮಾತ್ರ ಬರುವ ಕಾಯಿಲೆ

ಬೆಳ್ಮಣ್ ದಾಟಿದ ಮೇಲೆ ಸಿಗುವ ಏರಿನಲ್ಲಿ ನನ್ನ ಎಡಗಾಲು ಕೈಕೊಟ್ಟಿತು.

ಮೊದಲು ತೊಡೆ ಬಿಗಿಯಿತು. ಆಮೇಲೆ ಪಾದ ಮರಗಟ್ಟಿತು. ಪೆಡಲ್ ಮೇಲೆ ಕಾಲು ಇದೆಯೋ ಇಲ್ಲವೋ ತಿಳಿಯಲಿಲ್ಲ. ಇಳಿದು ನಿಂತೆ. ಐದು ನಿಮಿಷದಲ್ಲಿ ಎಲ್ಲ ಸರಿಯಾಯಿತು. ಹಿಂದಿನಿಂದ ಸ್ಕೂಟರಿನಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಬರುತ್ತಿದ್ದ ನನ್ನ ಗಂಡ ದಿನೇಶ್, "ಎಂತ ಆಯ್ತು?" ಎಂದರು. "ಎಂತ ಇಲ್ಲ" ಎಂದೆ. ಆ ಉತ್ತರವನ್ನೇ ಒಂದೂವರೆ ವರ್ಷ ಹೇಳಿಕೊಂಡು ಬಂದೆ.

ನಾನು ಕಾಪುವಿನ ಒಂದು ಹೈಸ್ಕೂಲಿನಲ್ಲಿ ಗಣಿತ ಟೀಚರ್. ವಯಸ್ಸು ನಲವತ್ತೆರಡು. ಮೂವತ್ತೆಂಟಕ್ಕೆ ರೋಡ್ ಸೈಕಲ್ ಕೊಂಡೆ. ಕಾಪುವಿನಿಂದ ಶಿರ್ವ, ಬೆಳ್ಮಣ್ ದಾರಿಯಾಗಿ ಕಾರ್ಕಳದ ಬಸ್ ಸ್ಟ್ಯಾಂಡಿಗೆ ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ತಲುಪುತ್ತಿದ್ದೆ. ಅದನ್ನು ಒಂದೂಕಾಲು ಗಂಟೆಗೆ ಇಳಿಸಬೇಕೆಂಬುದು ನನ್ನ ಹಟ. ಯಾಕೆ ಎಂದು ಕೇಳಿದವರಿಗೆ ಕೊಡಲು ದೊಡ್ಡ ಕಾರಣವೇನೂ ನನ್ನಲ್ಲಿಲ್ಲ. ಮುಂದೆ ಹೋಗುತ್ತಿರುವವರನ್ನು ಹಿಂದೆ ಹಾಕುವುದು ನನಗೆ ಇಷ್ಟ. ಅದನ್ನು ಮುಚ್ಚಿಡುವ ಸ್ವಭಾವವೂ ನನ್ನದಲ್ಲ.

ಎಡಗಾಲು ಸೋಮಾರಿಯಾಗಿದೆ ಎಂದುಕೊಂಡೆ. ಪಾಠದಲ್ಲಿ ಹಿಂದುಳಿದ ಮಕ್ಕಳಿಗೆ ಏನು ಮಾಡುತ್ತೇನೋ ಅದನ್ನೇ ಮಾಡಿದೆ. ಸ್ಪೆಷಲ್ ಕ್ಲಾಸ್. ಜಗಲಿಯಲ್ಲಿ ಸೈಕಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಬಲಗಾಲನ್ನು ಸ್ಟೂಲಿನ ಮೇಲಿಟ್ಟು, ದಿನಾ ಬೆಳಗ್ಗೆ ಇಪ್ಪತ್ತು ನಿಮಿಷ ಎಡಗಾಲಿನಿಂದ ಮಾತ್ರ ತುಳಿದೆ. ಮರಗಟ್ಟುವುದು ಇನ್ನೂ ಬೇಗ ಶುರುವಾಯಿತು. ನಾನು ಅರ್ಧ ಗಂಟೆಗೆ ಏರಿಸಿದೆ. ರಕ್ತವೇ ಸಾಲದ ಕಾಲಿಗೆ ಹೋಮ್‌ವರ್ಕ್ ಕೊಡುತ್ತಿದ್ದೇನೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಉಡುಪಿಯಲ್ಲಿ ಎಕ್ಸ್‌ರೇ ಆಯಿತು. ಬೆನ್ನಿನ ಎಂಆರ್‌ಐ ಆಯಿತು. ನರದ ಟೆಸ್ಟ್ ಆಯಿತು. ಎಲ್ಲ ನಾರ್ಮಲ್. ಕಲ್ಯಾಣಪುರದಲ್ಲಿ ಎಣ್ಣೆ ತಿಕ್ಕುವವರೊಬ್ಬರ ಮುಂದೆಯೂ ಹೋಗಿ ಮಲಗಿದೆ. ಮಲಗಿದ ಕಾಲಿನಲ್ಲಿ ಯಾರಿಗೂ ಏನೂ ಕಾಣಿಸಲಿಲ್ಲ. "ಪ್ರಾಯ ಆಯ್ತಲ್ಲ ಟೀಚರ್" ಎಂದು ಸ್ಟಾಫ್ ರೂಮಿನಲ್ಲಿ ನಕ್ಕರು. ಒಂದು ದಿನ ದಿನೇಶ್ ಕೂಡ ಮೆಲ್ಲಗೆ, "ಮನಸ್ಸಿನದ್ದು ಇರಬಹುದಾ?" ಎಂದರು. ಅದು ನನಗೆ ಬಹಳ ನೋವು ಮಾಡಿತು. ಎರಡು ದಿನ ಅವರೊಂದಿಗೆ ಮಾತು ಬಿಟ್ಟೆ.

ಕೊನೆಗೆ ಮಣಿಪಾಲಕ್ಕೆ ಹೋದೆವು. ರಕ್ತನಾಳ ನೋಡುವ ವ್ಯಾಸ್ಕುಲರ್ ಸರ್ಜನ್ ನನಗಿಂತ ಚಿಕ್ಕವರು. ಕಾಲು ಮುಟ್ಟುವ ಮೊದಲೇ ಅವರು ಕೇಳಿದರು: "ಎಷ್ಟು ಜೋರಾಗಿ ತುಳಿದಾಗ ಬರುವುದು?"

ಅಷ್ಟು ದಿನಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ನಾಡಿದ್ದು ಬರುವಾಗ ಸೈಕಲನ್ನೂ ತನ್ನಿ, ಸ್ಟ್ಯಾಂಡೂ ಇರಲಿ" ಎಂದರು. ತಮಾಷೆ ಎಂದುಕೊಂಡೆ. ಅಲ್ಲ. ದಿನೇಶ್ ಸೈಕಲ್ ಹೊತ್ತುಕೊಂಡು ಲಿಫ್ಟಿನ ಬಳಿ ನಿಂತಾಗ ಸೆಕ್ಯುರಿಟಿಯವರು, "ಇದಕ್ಕೆ ಎಂತ ಆದದ್ದು?" ಎಂದು ಗಂಭೀರವಾಗಿ ಕೇಳಿದರು. ಜೊತೆಗೆ ಬಂದಿದ್ದ ನನ್ನ ಅಮ್ಮ ಸೆರಗು ಬಾಯಿಗಿಟ್ಟು ನಕ್ಕಳು.

ತೋಳಿನಲ್ಲೂ ಎರಡೂ ಕಾಲುಗಳ ಮಣಿಗಂಟಿನಲ್ಲೂ ಬಿಪಿ ನೋಡಿದರು. ಎಲ್ಲ ಸರಿ ಇತ್ತು. ಆಮೇಲೆ ಆ ಚಿಕ್ಕ ಕೋಣೆಯಲ್ಲಿ ನಾನು ಬೆಳ್ಮಣ್ಣಿನ ಏರನ್ನು ಏರಿದೆ. ಬೆವರು ನೆಲಕ್ಕೆ ಸುರಿಯಿತು. ಕಾಲು ಮರಗಟ್ಟಿದ ಕೂಡಲೇ ಕೂಗಿದೆ. ಮಲಗಿಸಿ ಮತ್ತೆ ಬಿಪಿ ನೋಡಿದರು. ಬಲಗಾಲಿನಲ್ಲಿ ಸರಿ ಇತ್ತು. ಎಡಗಾಲಿನಲ್ಲಿ ಅದರ ಅರ್ಧವೂ ಇರಲಿಲ್ಲ.

ನನಗೆ ಸಂತೋಷವಾಯಿತು.

ಕಾಯಿಲೆ ಇದೆ ಎಂದು ಕೇಳಿ ಹೆಮ್ಮೆಯಿಂದ ಅತ್ತವಳು ನಾನೊಬ್ಬಳೇ ಇರಬೇಕು. ದಿನೇಶ್ ನನ್ನ ಕೈ ಹಿಡಿದು, "ತಪ್ಪಾಯ್ತು" ಎಂದರು.

ಸಿಟಿ ಆಂಜಿಯೋ ಸ್ಕ್ಯಾನಿನಲ್ಲಿ ತೊಂದರೆಯ ಜಾಗ ಸ್ಪಷ್ಟವಾಗಿ ಕಂಡಿತು. ಕಾಲಿಗೆ ರಕ್ತ ಒಯ್ಯುವ ಇಲಿಯಾಕ್ ಆರ್ಟರಿ, ವರ್ಷಗಟ್ಟಲೆ ಬಗ್ಗಿ ಕೂತು ತುಳಿದದ್ದರಿಂದ, ಸೊಂಟದ ಮಡಿಕೆಯ ಹತ್ತಿರ ಒಳಗಿನಿಂದ ದಪ್ಪವಾಗಿ, ಜೋರಾಗಿ ತುಳಿದಾಗ ಬೇಕಾಗುವಷ್ಟು ರಕ್ತಕ್ಕೆ ದಾರಿ ಸಾಲುತ್ತಿರಲಿಲ್ಲ. ಡಾಕ್ಟರ್ ಬಿಡಿಸಿ ಹೇಳಿದರು: "ಹ್ಯಾಂಡಲ್ ಎತ್ತರ ಮಾಡಿ ನಿಧಾನಕ್ಕೆ ಹೋಗುತ್ತೀರಾದರೆ ಆಪರೇಶನ್ ಬೇಡ ಟೀಚರ್. ಜೋರು ಹೋಗಬೇಕಾದರೆ ಬೇಕು. ರಿಸ್ಕ್ ಉಂಟು. ಪುನಃ ಕಟ್ಟಿಕೊಳ್ಳಲೂಬಹುದು."

ಜೋರಾಗಿ ಹೋಗುವ ಆಸೆಗೆ ಕಿಬ್ಬೊಟ್ಟೆ ಕೊಯ್ಯಿಸಿಕೊಳ್ಳುವುದೇ? ಕೇಳಿದವರೆಲ್ಲ ಬೇಡವೆಂದರು. "ನಿಧಾನ ಹೋದರೆ ಆಯ್ತಲ್ಲ ಮಾರಾಯ್ತಿ. ನಿನ್ನನ್ನು ಯಾರು ಅಟ್ಟಿಸಿಕೊಂಡು ಬರುವುದು?" ಎಂದರು ದಿನೇಶ್. ಅವರದು ಸಿಟ್ಟಲ್ಲ, ಹೆದರಿಕೆ. ನನಗೂ ಹೆದರಿಕೆಯಿತ್ತು. ಆದರೆ ಇನ್ನು ಬದುಕಿಡೀ ಬೇರೆಯವರು ದಾಟಿ ಹೋಗುವುದನ್ನು ನೋಡುತ್ತ ಆರಾಮವಾಗಿ ತುಳಿಯುವ ನನ್ನನ್ನು ಊಹಿಸಿಕೊಳ್ಳಲಾಗಲಿಲ್ಲ.

ಆಗ ಅಮ್ಮ ಮಾತಾಡಿದಳು. ಮೂವತ್ತು ವರ್ಷ ಮೀನಿನ ಬುಟ್ಟಿ ಹೊತ್ತು ಕಾರ್ಕಳದ ಮಾರ್ಕೆಟಿಗೆ ಹೋಗಿ ಮಾರಿದವಳು.

"ದೋಣಿ ಬಂದ ಕೂಡಲೇ ಬುಟ್ಟಿ ಹೊತ್ತು ಬಸ್ಸಿಗೆ ಓಡಿದ್ದು ನಾನು. ಹೊಟ್ಟೆಪಾಡು ಅಂತ ಎಲ್ಲರೂ ಹೇಳ್ತಾರೆ. ಹೌದು. ಆದ್ರೆ ಉಳಿದವರಿಗಿಂತ ಮುಂದೆ ಓಡುವಾಗ ನನಗೆ ಖುಷಿ ಇತ್ತು. ಅದನ್ನು ಯಾರ ಹತ್ರವೂ ಹೇಳ್ಲಿಲ್ಲ. ಇವಳು ಹೇಳಿದ್ದಾಳೆ. ಮಾಡಿಸ್ಲಿ."

ದಿನೇಶ್ ಎದ್ದು ಸ್ಕೂಟರಿನ ಕೀಲಿ ಕೈಗೆತ್ತಿಕೊಂಡರು. ಆಮೇಲೆ, "ಹಾಗಾದ್ರೆ ಸ್ಕೂಟರ್ ಸರ್ವಿಸಿಗೆ ಕೊಡ್ತೇನೆ" ಎಂದರು. ಒಪ್ಪಿಗೆ ಕೊಡುವ ಅವರ ರೀತಿ ಅದು.

ಆಪರೇಶನ್ ಮೂರೂವರೆ ಗಂಟೆ ನಡೆಯಿತು. ನನ್ನದೇ ಕಾಲಿನಿಂದ ತೆಗೆದ ಒಂದು ತುಂಡು ರಕ್ತನಾಳವನ್ನು ಅಲ್ಲಿ ತೇಪೆ ಹಾಕಿ ಹೊಲಿದರು. ಎಚ್ಚರವಾದಾಗ ಎಡ ಪಾದ ಬೆಚ್ಚಗಿತ್ತು. ಮೊದಲ ವಾರ ಕೆಮ್ಮಲೂ ಭಯ. ಅಮ್ಮ ಗಂಜಿ ಉಣಿಸಿದಳು, ಮೀಯಿಸಿದಳು. ಮಂಚದಿಂದ ಅಂಗಳದ ಬಾವಿಕಟ್ಟೆಯವರೆಗೆ ನಡೆದ ದಿನ ನಾನು ಅದರ ಸಮಯವನ್ನೂ ನೋಡಿಟ್ಟೆ. ನಾಲ್ಕು ನಿಮಿಷ. ಮರುದಿನ ಮೂರೂವರೆ. ವಾಸಿಯಾಗುವುದನ್ನೂ ಪಂದ್ಯ ಮಾಡಿಕೊಂಡೆ ಎಂದು ಡಾಕ್ಟರ್ ಬೈದರು. ಎರಡು ತಿಂಗಳು ಸೈಕಲ್ ಮುಟ್ಟಲು ಬಿಡಲಿಲ್ಲ.

ಆಪರೇಶನ್ ಆಗಿ ಈಗ ಎಂಟು ತಿಂಗಳು. ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಬೇಕು. ತೇಪೆ ಎಷ್ಟು ವರ್ಷ ಬಾಳುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ. ಬಾಳುವಷ್ಟು ದಿನ ನಾನು ಅದಕ್ಕೆ ಕೆಲಸ ಕೊಡುತ್ತೇನೆ.

ಕಳೆದ ಭಾನುವಾರ ಬೆಳಗ್ಗೆ ಕಾಪುವಿನಿಂದ ಹೊರಟೆ. ಏರಿನಲ್ಲಿ ಎಲ್ಲೂ ಇಳಿಯಲಿಲ್ಲ. ಕಾರ್ಕಳ ಬಸ್ ಸ್ಟ್ಯಾಂಡಿನಲ್ಲಿ ಬ್ರೇಕ್ ಹಿಡಿದಾಗ ಒಂದು ಗಂಟೆ ಹದಿನೇಳು ನಿಮಿಷ. ಇನ್ನೂ ಎರಡು ನಿಮಿಷ ಇಳಿಯಬೇಕು. ಉಸಿರು ಸಿಗದೆ ಹ್ಯಾಂಡಲಿನ ಮೇಲೆ ಬಗ್ಗಿ ನಿಂತೆ. ದಿನೇಶ್ ಸ್ಕೂಟರ್ ನಿಲ್ಲಿಸಿ ಓಡಿ ಬಂದರು.

"ನೋವು ಉಂಟಾ?"

"ಉಂಟು."

ಅವರ ಮುಖ ಬಿಳಿಚಿತು. "ಯಾವ ಕಾಲು?"

"ಎರಡೂ," ಎಂದೆ. "ಒಂದೇ ಸಮ."